‘ನಂಜಮ್ಮ’ ಅಂದ್ರೆ ಏನು? ಒಂದು ಹೆಸರಿನ ಹುಟ್ಟು, ಅರ್ಥ, ಬಳಕೆ

ಹೆಣ್ಣುಮಗುವಿಗೆ ಹೆಸರು ಹುಡುಕುವ ಮನೆಗಳಲ್ಲಿ ಈಗ ಒಂದು ಕ್ರಮ ಬಂದುಬಿಟ್ಟಿದೆ. ನಕ್ಷತ್ರದ ಅಕ್ಷರ ಗೊತ್ತಾದ ಕೂಡಲೇ ಫೋನ್ ತೆಗೆಯೋದು, ಆ ಅಕ್ಷರದಿಂದ ಶುರುವಾಗುವ ಹೆಸರುಗಳ ಪಟ್ಟಿ ನೋಡೋದು, ಪಕ್ಕದಲ್ಲಿರೋ ಅರ್ಥ ಓದೋದು, ಎರಡೂ ಹಿಡಿಸಿದರೆ ಗುರುತು ಹಾಕಿಕೊಳ್ಳೋದು. ಅನೂರಾಧಾ ನಕ್ಷತ್ರದ ಮಗುವಾದರೆ ‘ನ’ಕಾರದ ಸಾಲು ಬರುತ್ತೆ. ನವ್ಯಾ, ನಿಧಿ, ನಿಹಾರಿಕಾ, ನೇಹಾ ಎಲ್ಲರೂ ಅಲ್ಲಿರುತ್ತಾರೆ. ಆದರೆ ಮೈಸೂರು ಸೀಮೆಯಲ್ಲಿ ತಲೆಮಾರುಗಳ ಕಾಲ ಬೀದಿಗೊಬ್ಬರಂತೆ ಇದ್ದ ‘ನ’ಕಾರದ ಒಂದು ಹೆಸರು ಆ ಸಾಲಿನಲ್ಲಿ ಕಾಣೋದಿಲ್ಲ. ಅದು ‘ನಂಜಮ್ಮ’.

ನಮ್ಮ ಸಂಘದಲ್ಲಿ ಈ ಹೆಸರಿನ ವಿದ್ಯಾರ್ಥಿನಿ ಒಬ್ಬರೂ ಇಲ್ಲ. ಆದರೆ ಅಜ್ಜಿಯೋ ಮುತ್ತಜ್ಜಿಯೋ ನಂಜಮ್ಮ ಆಗಿದ್ದವರು ನಮ್ಮಲ್ಲೇ ಇದ್ದಾರೆ. ಆ ಹೆಸರು ಹೇಳಿದರೆ ಸಾಮಾನ್ಯವಾಗಿ ಬರುವ ಪ್ರತಿಕ್ರಿಯೆ ಎರಡು: ಒಂದು ನಗು, ಇನ್ನೊಂದು ‘ನಂಜು ಅಂದ್ರೆ ವಿಷ ಅಲ್ವಾ, ಮಗುಗೆ ಯಾಕೆ ಹಂಗಿಟ್ರು?’ ಅನ್ನೋ ಪ್ರಶ್ನೆ. ಪ್ರಶ್ನೆ ಸರಿಯಾಗಿಯೇ ಇದೆ, ಅದಕ್ಕೆ ಉತ್ತರ ಕೂಡ ಇದೆ. ಈ ಸಂಚಿಕೆಯ ಪಾಠ ಅದರ ಬಗ್ಗೆ.

ಮೊದಲು ಪದ: ನಂಜು

‘ನಂಜು’ ಅಚ್ಚಗನ್ನಡದ ಪದ, ಅಂದರೆ ಸಂಸ್ಕೃತದಿಂದ ಬಂದದ್ದಲ್ಲ. ತಮಿಳು, ಮಲಯಾಳಂನಲ್ಲೂ ಇದರ ಅಕ್ಕತಂಗಿಯರಿದ್ದಾರೆ. ಅಲ್ಲೂ ಅರ್ಥ ವಿಷ ಅಂತಲೇ. ಪುಸ್ತಕದ ಕನ್ನಡದಲ್ಲಿ ನಾವು ಈಗ ಹೆಚ್ಚಾಗಿ ‘ವಿಷ’ ಅಂತ ಬರೆಯುತ್ತೇವೆ. ಆದರೆ ಮನೆಮಾತಿನಲ್ಲಿ ನಂಜು ಇನ್ನೂ ಬದುಕಿದೆ. ಗಾಯ ಕೀವು ಕಟ್ಟಿದರೆ ‘ನಂಜಾಗಿದೆ’ ಅಂತೀವಿ. ಆಪರೇಷನ್ ಆದವರಿಗೆ ಬದನೆಕಾಯಿ ಬಡಿಸೋಕೆ ಹೋದರೆ ಅಜ್ಜಿಯರು ‘ಬೇಡ, ಅದು ನಂಜು’ ಅಂತ ತಡೀತಾರೆ. ದ್ವೇಷದ ಮಾತಾಡುವವರನ್ನು ‘ನಂಜು ಕಾರ್ತಾನೆ’ ಅನ್ನೋದೂ ಉಂಟು.

ಊಟಕ್ಕೆ ಕೂತಾಗ ‘ನಂಚ್ಕೊಳ್ಳೋಕೆ ಉಪ್ಪಿನಕಾಯಿ ಕೊಡಿ’ ಅಂತೀವಲ್ಲ, ಅದು ಬೇರೆ ಪದ. ‘ನೆಂಚಿಕೊಳ್ಳು’ ಅನ್ನೋದರ ಆಡುರೂಪ. ಕಿವಿಗೆ ಹತ್ತಿರ ಕೇಳಿಸಿದರೂ ಉಪ್ಪಿನಕಾಯಿಗೂ ವಿಷಕ್ಕೂ ಸಂಬಂಧ ಇಲ್ಲ.

ಹಾಗಾದರೆ ನಿಘಂಟು ಹಿಡಿದು ‘ನಂಜು + ಅಮ್ಮ’ ಅಂತ ಬಿಡಿಸಿದರೆ ‘ವಿಷದ ತಾಯಿ’ ಅನ್ನೋ ಅರ್ಥ ಬರುತ್ತೆ. ಲೋಪಸಂಧಿಯ ನಿಯಮದ ಪ್ರಕಾರ ಇದರಲ್ಲಿ ತಪ್ಪೇನೂ ಇಲ್ಲ. ತೊಂದರೆ ಏನಂದರೆ, ‘ನಂಜ + ಅಮ್ಮ’ ಅಂತ ಕೂಡಿಸಿದರೂ ಲೋಪಸಂಧಿಯಾಗಿ ‘ನಂಜಮ್ಮ’ ಅಂತಲೇ ಆಗುತ್ತೆ. ಎರಡು ಬೇರೆ ಇನ್‌ಪುಟ್, ಔಟ್‌ಪುಟ್ ಮಾತ್ರ ಒಂದೇ. ಇಂಥ ಫಂಕ್ಷನ್‌ಗೆ ಇನ್ವರ್ಸ್ ಇರೋದಿಲ್ಲ ಅಂತ ನಾವು ಮೊದಲ ಸೆಮಿಸ್ಟರ್‌ನಲ್ಲೇ ಓದಿದ್ದೇವೆ. ಔಟ್‌ಪುಟ್ ಒಂದನ್ನೇ ನೋಡಿ ಇನ್‌ಪುಟ್ ಯಾವುದು ಅಂತ ಹೇಳೋಕಾಗಲ್ಲ, ಹೊರಗಿನ ಸಾಕ್ಷಿ ಬೇಕು. ಆ ಸಾಕ್ಷಿ ಮೈಸೂರಿನಿಂದ ಸುಮಾರು 25 ಕಿಲೋಮೀಟರ್ ದೂರದಲ್ಲಿದೆ.

ನಂಜನಗೂಡಿನ ವ್ಯಾಕರಣ

ಕಪಿಲಾ ನದಿಯ ದಡದ ನಂಜನಗೂಡಿನ ಹೆಸರನ್ನೇ ತೆಗೆದುಕೊಳ್ಳಿ. ಊರು ಇರೋದು ‘ನಂಜನ ಗೂಡು’. ‘ನಂಜಿನ ಗೂಡು’ ಅಂತ ಯಾರೂ ಹೇಳೋದಿಲ್ಲ. ಈ ‘ನ’ ಮತ್ತು ‘ಇನ’ದ ನಡುವೆ ಇಡೀ ಉತ್ತರ ಅಡಗಿದೆ.

ಕನ್ನಡದಲ್ಲಿ ಉಕಾರದಲ್ಲಿ ಕೊನೆಯಾಗುವ ನಪುಂಸಕಲಿಂಗದ ಪದಕ್ಕೆ ಷಷ್ಠಿ ವಿಭಕ್ತಿ ಸೇರಿದಾಗ ‘ಇನ’ ಬರುತ್ತೆ: ಕಾಡು–ಕಾಡಿನ, ಹಣ್ಣು–ಹಣ್ಣಿನ, ನಂಜು–ನಂಜಿನ. ಅಕಾರದಲ್ಲಿ ಕೊನೆಯಾಗುವ ಪುಲ್ಲಿಂಗದ ಪದಕ್ಕೆ ‘ನ’ ಬರುತ್ತೆ: ರಾಮ–ರಾಮನ, ರಂಗ–ರಂಗನ. ನಮ್ಮ ಪಕ್ಕದ ರಂಗನತಿಟ್ಟು, ಬಿಳಿಗಿರಿರಂಗನ ಬೆಟ್ಟ ಎರಡೂ ಇದೇ ಅಚ್ಚಿನವು. ಹಾಗಾಗಿ ‘ನಂಜನಗೂಡು’ ಅನ್ನುವಾಗ ಅಲ್ಲಿರೋದು ವಿಷದ ಗೂಡಲ್ಲ, ‘ನಂಜ’ ಅನ್ನುವವನ ಗೂಡು. ಪದ ವಸ್ತುವಾಗಿ ಉಳಿದಿಲ್ಲ, ವ್ಯಕ್ತಿಯಾಗಿದೆ.

ಯಾರು ಈ ನಂಜ? ಅಲ್ಲಿನ ದೇವರು ನಂಜುಂಡೇಶ್ವರ. ಸಮುದ್ರ ಕಡೆದಾಗ ಅಮೃತಕ್ಕಿಂತ ಮೊದಲು ಹಾಲಾಹಲ ಬಂತು, ಲೋಕ ಉರಿಯೋಕೆ ಶುರುವಾಯ್ತು, ಶಿವ ಅದನ್ನು ಕುಡಿದ, ಪಾರ್ವತಿ ಕೊರಳು ಹಿಡಿದಳು, ವಿಷ ಗಂಟಲಲ್ಲೇ ನಿಂತಿತು ಅನ್ನೋ ಕಥೆ ಎಲ್ಲರಿಗೂ ಗೊತ್ತು. ಈ ಒಂದೇ ಕಥೆಯಿಂದ ಶಿವನಿಗೆ ಹಲವು ಹೆಸರು ಬಂದಿವೆ. ಸಂಸ್ಕೃತದ ನೀಲಕಂಠ, ವಿಷಕಂಠ ಎಂಬ ಹೆಸರುಗಳು ಕಥೆ ಮುಗಿದ ಮೇಲಿನ ಕೊರಳನ್ನು ತೋರಿಸುತ್ತವೆ. ನಂಜನಗೂಡಿನ ದೇವರ ಸಂಸ್ಕೃತದ ಹೆಸರು ಶ್ರೀಕಂಠೇಶ್ವರ. ಅದರಲ್ಲಿಯೂ ಕಂಠವೇ ಇದೆ. ಕನ್ನಡದ ‘ನಂಜುಂಡ’ ಮಾತ್ರ ಕೆಲಸವನ್ನು ಹೇಳುತ್ತೆ: ನಂಜು + ಉಂಡ, ನಂಜನ್ನು ಉಂಡವನು. ಇಲ್ಲಿ ಬಂದಿರೋ ಕ್ರಿಯಾಪದ ‘ಉಣ್ಣು’. ನುಂಗು ಅಲ್ಲ, ಕುಡಿ ಅಲ್ಲ. ನಾವು ದಿನಾ ಎಲೆ ಮುಂದೆ ಕೂತು ಮಾಡುವ ಕೆಲಸಕ್ಕೆ ಇರೋ ಪದ. ಬೇರೆಯವರ ಪಾಲಿನ ವಿಷವನ್ನು ಊಟದ ಹಾಗೆ ಉಂಡ ದೇವರು ಅಂತ ಜನ ಹೆಸರಿಟ್ಟಿದ್ದಾರೆ.

ಆಡುಮಾತು ಉದ್ದದ ಹೆಸರುಗಳನ್ನು ಹಾಗೇ ಬಿಡೋದಿಲ್ಲ. ಮಹದೇಶ್ವರ ‘ಮಾದಪ್ಪ’ ಆಗ್ತಾನೆ, ಮಲ್ಲಿಕಾರ್ಜುನ ‘ಮಲ್ಲ’ ಆಗ್ತಾನೆ, ನಂಜುಂಡ ‘ನಂಜ’ ಆಗ್ತಾನೆ. ಹಾಗೆ ಆಗುವಾಗ ಕಳೆದುಹೋಗೋದು ‘ಉಂಡ’ ಅನ್ನೋ ಭಾಗ. ಲಾಸಿ ಕಂಪ್ರೆಷನ್ ಇದ್ದ ಹಾಗೆ: ಫೈಲು ಚಿಕ್ಕದಾಯ್ತು, ಅರ್ಥ ಹೊತ್ತಿದ್ದ ಬಿಟ್‌ಗಳೇ ಹೋದವು. ಒಂದು ಕಾಲದಲ್ಲಿ ಅದರಿಂದ ಯಾರಿಗೂ ತೊಂದರೆ ಆಗಲಿಲ್ಲ. ಕೇಳುವವರ ತಲೆಯಲ್ಲಿ ಪೂರ್ತಿ ಹೆಸರಿತ್ತು. ಇವತ್ತು ದೇವರ ಸಂಪರ್ಕ ಕಡಿದು ಹೆಸರನ್ನಷ್ಟೇ ನಿಘಂಟಿನ ಮುಂದೆ ಇಟ್ಟಾಗ ನಂಜು ಉಳಿಯುತ್ತೆ, ಉಂಡವನು ಕಾಣಿಸೋದಿಲ್ಲ.

ಆದ್ದರಿಂದ ನಂಜಮ್ಮ ಅಂದರೆ ‘ನಂಜುಂಡನ ಹೆಸರು ಹೊತ್ತವಳು’. ಇದಕ್ಕೆ ಇನ್ನೊಂದು ಪುರಾವೆ ‘ನಂಜಿ’ ಅನ್ನೋ ರೂಪ. ತಿಮ್ಮ–ತಿಮ್ಮಿ, ರಂಗ–ರಂಗಿ, ಕೆಂಪ–ಕೆಂಪಿ ಇದ್ದ ಹಾಗೆ ನಂಜ–ನಂಜಿ. ಗಂಡುಹೆಸರಿಗೆ ‘ಇ’ ಸೇರಿಸಿ ಹೆಣ್ಣುಹೆಸರು ಮಾಡುವ ಕನ್ನಡದ ಹಳೇ ದಾರಿ ಇದು. ವಿಷಕ್ಕೆ ಸ್ತ್ರೀಲಿಂಗ ಅಂತ ಒಂದಿಲ್ಲ, ‘ನಂಜ’ನಿಗೆ ಮಾತ್ರ ಅದು ಸಾಧ್ಯ. ಪೂರ್ತಿ ರೂಪವಾದ ‘ನಂಜುಂಡಮ್ಮ’ ಕೂಡ ಬಳಕೆಯಲ್ಲಿದೆ, ಅಲ್ಲಿ ಯಾರಿಗೂ ಅನುಮಾನ ಬರೋದಿಲ್ಲ.

ಹೆಸರೇ ವಿಳಾಸ

ಈಗ ಹೆಸರನ್ನು ಆರಿಸೋದು ಅರ್ಥ ಮತ್ತು ಇಂಪು ನೋಡಿ. ನಂಜಮ್ಮನ ಕಾಲದಲ್ಲಿ ಅಪ್ಪ–ಅಮ್ಮ ಹೆಸರಿನ ಅರ್ಥ ಹುಡುಕುತ್ತಿರಲಿಲ್ಲ, ದೇವರ ಋಣ ತೀರಿಸುತ್ತಿದ್ದರು. ಮನೆದೇವರು ನಂಜುಂಡ ಆಗಿದ್ದರೆ ಮನೆಗೊಬ್ಬ ನಂಜಪ್ಪ, ಒಬ್ಬಳು ನಂಜಮ್ಮ ಇರಲೇಬೇಕು. ಮಕ್ಕಳಿಲ್ಲದವರು ಹರಕೆ ಹೊತ್ತು ಪಡೆದ ಮಗುವಿಗೂ ಅದೇ ಹೆಸರು. ಕಾಯಿಲೆ ಬಿದ್ದ ಕೂಸು ಉಳಿದರೂ ಅಷ್ಟೇ.

ಕಾಯಿಲೆಯ ಮಾತು ಇಲ್ಲಿ ಮುಖ್ಯ. ನಂಜನಗೂಡಿನ ದೇವರು ರೋಗ ವಾಸಿಮಾಡುವವನು ಅಂತಲೇ ಜನರ ನಂಬಿಕೆ. ಕಪಿಲೆಯಲ್ಲಿ ಮುಳುಗೆದ್ದು, ಉರುಳು ಸೇವೆ ಮಾಡಿ, ಮುಡಿ ಕೊಟ್ಟು ಬರುವವರು ಇವತ್ತಿಗೂ ಇದ್ದಾರೆ. ಟಿಪ್ಪು ಸುಲ್ತಾನನ ಪಟ್ಟದ ಆನೆಯ ಕಣ್ಣು ಹೋಗಿ, ಇಲ್ಲಿ ಹರಕೆ ಹೊತ್ತ ಮೇಲೆ ವಾಸಿಯಾಯ್ತು, ಸುಲ್ತಾನ ಪಚ್ಚೆಯ ಲಿಂಗ ಒಪ್ಪಿಸಿ ದೇವರನ್ನು ‘ಹಕೀಂ ನಂಜುಂಡ’ ಅಂತ ಕರೆದ ಅನ್ನೋ ಕಥೆ ಊರಲ್ಲೆಲ್ಲ ಹೇಳ್ತಾರೆ. ಹಕೀಂ ಅಂದರೆ ವೈದ್ಯ. ತಾನು ನಂಜುಂಡು ಬೇರೆಯವರ ನಂಜು ಇಳಿಸುವವನು. ಮಕ್ಕಳು ಜ್ವರಕ್ಕೂ ಭೇದಿಗೂ ಸಾಯುತ್ತಿದ್ದ ಕಾಲದಲ್ಲಿ ಹೆಣ್ಣುಕೂಸಿಗೆ ನಂಜಮ್ಮ ಅಂತ ಹೆಸರಿಡೋದು ಒಂದು ರಕ್ಷೆ ಕಟ್ಟಿದ ಹಾಗೆ. ವಿಷ ಅಂತ ನಾವು ಓದಿಕೊಳ್ಳುವ ಹೆಸರನ್ನು ಅವರು ಔಷಧಿಯಾಗಿ ಇಟ್ಟರು.

ಈ ದೃಷ್ಟಿಯಿಂದ ನಮ್ಮ ಸೀಮೆಯ ಹಳೇ ಹೆಣ್ಣುಹೆಸರುಗಳನ್ನು ಓದಿದರೆ ಒಂದು ನಕ್ಷೆಯೇ ಸಿಗುತ್ತೆ. ಮಲೆ ಮಹದೇಶ್ವರನ ಒಕ್ಕಲು ಹೆಚ್ಚಿರುವ ಕಡೆ ಮಾದಮ್ಮ, ಮಹದೇವಮ್ಮ. ಬಿಳಿಗಿರಿರಂಗನ ಸುತ್ತ ರಂಗಮ್ಮ. ಮುಡುಕುತೊರೆಯ ಮಲ್ಲಿಕಾರ್ಜುನನ ಕಡೆ ಮಲ್ಲಮ್ಮ. ಮೇಲುಕೋಟೆಯ ಚೆಲುವನಾರಾಯಣನಿಗೆ ಚೆಲುವಮ್ಮ. ಚಾಮುಂಡಿಬೆಟ್ಟದ ಕೆಳಗೆ ಚಾಮಮ್ಮ. ಒಂದು ಮನೆತನ ಎಲ್ಲಿಂದ ಬಂತು, ಯಾವ ಜಾತ್ರೆಗೆ ಗಾಡಿ ಕಟ್ಟುತ್ತಿತ್ತು ಅನ್ನೋದು ಹೆಣ್ಣುಮಗಳ ಹೆಸರಲ್ಲಿ ಇರ್ತಿತ್ತು. ಇದು ಖಚಿತ ನಿಯಮವೇನಲ್ಲ. ಮದುವೆಯಾಗಿ ಹೋದವರು ಹೆಸರನ್ನೂ ಜೊತೆಗೆ ಒಯ್ದರು. ಅದಕ್ಕೇ ಮಾದಪ್ಪನ ಸೀಮೆಯಲ್ಲಿ ನಂಜಮ್ಮ ಸಿಗ್ತಾಳೆ, ನಂಜನಗೂಡಲ್ಲಿ ರಂಗಮ್ಮ ಸಿಗ್ತಾಳೆ.

ಒಂದೇ ಮನೆಯಲ್ಲಿ ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡೋ ರೂಢಿ ಇನ್ನೊಂದು ಸಮಸ್ಯೆ ತಂದಿತು. ಇಬ್ಬರೂ ನಂಜಮ್ಮ ಆದರೆ ಕೂಗೋದು ಹೇಗೆ? ಅತ್ತೆಯ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುವಂತೆಯೂ ಇರಲಿಲ್ಲ. ಹಾಗಾಗಿ ಮುಂದೆ ಒಂದು ಗುರುತು ಸೇರಿಕೊಂಡಿತು: ದೊಡ್ಡನಂಜಮ್ಮ, ಚಿಕ್ಕನಂಜಮ್ಮ, ಪುಟ್ಟನಂಜಮ್ಮ, ಕೆಂಪನಂಜಮ್ಮ.

ಹೆಸರಿನ ಬಾಲ

ಹೆಸರಿನ ತಲೆ ದೇವರನ್ನು ಹೇಳಿದರೆ ಬಾಲ ಊರೊಳಗಿನ ಜಾಗವನ್ನು ಹೇಳುತ್ತಿತ್ತು. ಒಂದೇ ‘ನಂಜ’ನ ಮೇಲೆ ಅರಸು ಮನೆತನದಲ್ಲಿ ‘ಅಮ್ಮಣ್ಣಿ’ ಸೇರಿ ನಂಜಮ್ಮಣ್ಣಿ ಆಗುತ್ತಿತ್ತು. ಮೈಸೂರಿನ ಇತಿಹಾಸ ಓದಿದವರಿಗೆ ಲಕ್ಷ್ಮಮ್ಮಣ್ಣಿ, ದೇವಾಜಮ್ಮಣ್ಣಿ, ಜಯಲಕ್ಷ್ಮಮ್ಮಣ್ಣಿ ಹೆಸರುಗಳಿಂದ ಈ ಬಾಲದ ಪರಿಚಯ ಇರುತ್ತೆ. ಬ್ರಾಹ್ಮಣರು, ಲಿಂಗಾಯತರು, ಒಕ್ಕಲಿಗರ ಮನೆಗಳಲ್ಲಿ ನಂಜಮ್ಮ. ಕೆಲವು ಕಡೆ ನಂಜವ್ವ. ದಲಿತರ ಕೇರಿಯಲ್ಲಿ, ಕೂಲಿ ಮಾಡುವವರಲ್ಲಿ, ಬಹಳ ಸಲ ಬರೀ ‘ನಂಜಿ’.

ಮನೆಯೊಳಗೆ ಪ್ರೀತಿಯಿಂದ ‘ನಂಜಿ’ ಅಂತ ಕರೆಯೋದು ಬೇರೆ. ಆದರೆ ಅರವತ್ತು ವರ್ಷದ ಹೆಂಗಸನ್ನು ಊರಿನ ಹತ್ತು ವರ್ಷದ ಹುಡುಗ ‘ಏ ನಂಜಿ’ ಅಂತ ಕೂಗೋದು, ಅದೇ ವಯಸ್ಸಿನ ಇನ್ನೊಂದು ಬೀದಿಯ ಹೆಂಗಸನ್ನು ‘ನಂಜಮ್ಮನೋರೇ’ ಅನ್ನೋದು, ಇದು ನಮ್ಮ ಹಳ್ಳಿಗಳಲ್ಲಿ ನಡೆದದ್ದೇ. ದೇವರು ಒಬ್ಬನೇ ಆಗಿದ್ದರೂ ‘ಅಮ್ಮ’ ಅನ್ನೋ ಎರಡಕ್ಷರ ಎಲ್ಲರಿಗೂ ಸಿಗಲಿಲ್ಲ. ಹೆಸರಿನ ಅಧ್ಯಯನ ಅಂತ ಹೊರಟವರು ಈ ಭಾಗವನ್ನು ಬಿಟ್ಟು ಬರೀ ಪುರಾಣ ಹೇಳಿದರೆ ಪಾಠ ಅರ್ಧ ಆಗುತ್ತೆ.

ವಿ.ವಿ. ಮೊಹಲ್ಲಾದ ನಂಜಮ್ಮ

ಮೈಸೂರಿನಲ್ಲಿ ಓದುವ ಯಾರಿಗೂ ವಿ.ವಿ. ಮೊಹಲ್ಲಾ ಹೊಸದಲ್ಲ. ವಿ.ವಿ. ಅಂದರೆ ವಾಣಿವಿಲಾಸ. ವಾಣಿವಿಲಾಸ ರಸ್ತೆ, ವಾಣಿವಿಲಾಸ ನೀರು ಸರಬರಾಜು ಕೇಂದ್ರ, ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ, ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರ ಎಲ್ಲವೂ ಒಬ್ಬರೇ ಮಹಿಳೆಯ ಬಿರುದನ್ನು ಹೊತ್ತಿವೆ. ಆಕೆ ‘ವಾಣಿವಿಲಾಸ ಸನ್ನಿಧಾನ’ ಎನಿಸಿಕೊಂಡ ಮಹಾರಾಣಿ ಕೆಂಪನಂಜಮ್ಮಣ್ಣಿ.

ಆ ಹೆಸರನ್ನು ಈಗ ನಾವೇ ಬಿಡಿಸಬಹುದು: ಕೆಂಪ + ನಂಜ + ಅಮ್ಮಣ್ಣಿ. ಅವರ ತವರು ಕಳಲೆ ಮನೆತನ. ಕಳಲೆ ಇರೋದು ನಂಜನಗೂಡಿನ ಪಕ್ಕದಲ್ಲೇ, ಹಾಗಾಗಿ ಹೆಸರು ಅಲ್ಲಿಗೆ ಬಂದದ್ದರಲ್ಲಿ ಆಶ್ಚರ್ಯ ಇಲ್ಲ.

1894ರ ಡಿಸೆಂಬರಿನಲ್ಲಿ ಪತಿ ಹತ್ತನೇ ಚಾಮರಾಜೇಂದ್ರ ಒಡೆಯರು ಕಲ್ಕತ್ತಾದಲ್ಲಿ ತೀರಿಕೊಂಡರು. ಮಗ, ಮುಂದೆ ನಾಲ್ವಡಿ ಕೃಷ್ಣರಾಜ ಒಡೆಯರ್ ಆದವರು, ಆಗ ಹತ್ತು ವರ್ಷದ ಹುಡುಗ. 1902ರಲ್ಲಿ ಮಗ ಅಧಿಕಾರ ವಹಿಸಿಕೊಳ್ಳುವವರೆಗೆ ಸಂಸ್ಥಾನವನ್ನು ರೀಜೆಂಟ್ ಆಗಿ ನಡೆಸಿದವರು ಈ ತಾಯಿ. ಆ ಏಳೆಂಟು ವರ್ಷ ಸುಲಭದವಾಗಿರಲಿಲ್ಲ. 1897ರಲ್ಲಿ ಮಗಳು ಜಯಲಕ್ಷ್ಮಮ್ಮಣ್ಣಿಯ ಮದುವೆಯ ಸಮಯದಲ್ಲೇ ಮರದ ಹಳೇ ಅರಮನೆ ಬೆಂಕಿಗೆ ಹೋಯಿತು. ಮರುವರ್ಷ ಪ್ಲೇಗು ಬಂತು. ಸುಟ್ಟ ಅರಮನೆಯ ಜಾಗದಲ್ಲಿ ಹೆನ್ರಿ ಇರ್ವಿನ್ ಅವರ ವಿನ್ಯಾಸದಲ್ಲಿ ಹೊಸದನ್ನು ಕಟ್ಟಿಸಲು ಶುರುಮಾಡಿದ್ದು ಇವರ ಆಡಳಿತದಲ್ಲಿ. 1912ರಲ್ಲಿ ಪೂರ್ತಿಯಾದ ಆ ಕಟ್ಟಡವೇ ಇವತ್ತು ದಸರಾದಲ್ಲಿ ದೀಪ ಹೊತ್ತಿಕೊಂಡಾಗ ನಾವೆಲ್ಲ ಫೋಟೋ ತೆಗೆಯುವ ಅರಮನೆ.

ಎಂಜಿನಿಯರಿಂಗ್ ವಿದ್ಯಾರ್ಥಿಗಳಾಗಿ ನಮಗೆ ಹತ್ತಿರವಾಗೋ ಎರಡು ಕೆಲಸಗಳಿವೆ. ಒಂದು, ಮಾರಿಕಣಿವೆಯ ಅಣೆಕಟ್ಟು: 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿದದ್ದು, ಈಗಿನ ವಾಣಿವಿಲಾಸ ಸಾಗರ. ಇನ್ನೊಂದು, ಶಿವನಸಮುದ್ರದ ಜಲವಿದ್ಯುತ್ ಕೇಂದ್ರ. ದಿವಾನ್ ಶೇಷಾದ್ರಿ ಅಯ್ಯರ್ ಮುಂದಾಳತ್ವದಲ್ಲಿ, ಎಂಜಿನಿಯರ್ ಲೋಟ್ಬಿನಿಯರ್ ಯೋಜನೆಯಂತೆ ಕಟ್ಟಿದ ಅಲ್ಲಿಂದ 1902ರ ಜೂನ್ ಕೊನೆಗೆ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಪವರ್ ಟ್ರಾನ್ಸ್‌ಮಿಷನ್ ಪಾಠದಲ್ಲಿ ಆ ಹೆಸರು ಬಂದಾಗ, ಆಗ ಸಂಸ್ಥಾನದ ತಲೆಯಲ್ಲಿದ್ದವರು ಒಬ್ಬ ನಂಜಮ್ಮ ಅನ್ನೋದನ್ನೂ ನೆನಪಿಟ್ಟುಕೊಳ್ಳಬಹುದು.

ಆದರೆ ನೋಡಿ, ಊರಿನ ಫಲಕಗಳ ಮೇಲೆ ಉಳಿದದ್ದು ಬಿರುದು. ತವರಿನಿಂದ ತಂದ ಕನ್ನಡದ ಹೆಸರು ಪಠ್ಯಪುಸ್ತಕದ ಆವರಣದೊಳಗೆ ಸೇರಿಕೊಂಡಿತು. ಅದೂ ಇಂಗ್ಲಿಷ್ ಕಾಗುಣಿತದಲ್ಲಿ ಒತ್ತಕ್ಷರ ಬಿದ್ದುಹೋಗಿ, ಅದನ್ನು ಮತ್ತೆ ಕನ್ನಡಕ್ಕೆ ತರುವವರು ಕೆಲವು ಸಲ ‘ನಂಜಮಣಿ’ ಮಾಡಿಬಿಡ್ತಾರೆ. ಅಮ್ಮಣ್ಣಿ ಅಂದರೆ ಗೌರವದ ಸಂಬೋಧನೆ, ಮಣಿ ಅಂದರೆ ರತ್ನ. ಒಂದು ಒತ್ತು ಹೋದರೆ ಪದವೇ ಬೇರೆ.

ಪುಸ್ತಕ, ಪದ, ಪರದೆ

ಕನ್ನಡ ಸಾಹಿತ್ಯ ಈ ಹೆಸರನ್ನು ಚೆನ್ನಾಗಿ ಬಳಸಿಕೊಂಡಿದೆ. ಜಿ.ಪಿ. ರಾಜರತ್ನಂ ಅವರ ‘ರತ್ನನ ಪದಗಳು’ ಓದಿದವರಿಗೆ ಪುಟ್ನಂಜಿ ಗೊತ್ತು. ಎಂಡ್ಕುಡ್ಕ ರತ್ನನ ಹೆಂಡತಿ. ಪುಟ್ಟ + ನಂಜಿ: ಈಗಾಗಲೇ ನೋಡಿದ ಹಾಗೆ, ಮನೆಯಲ್ಲಿ ಇನ್ನೊಬ್ಬಳು ನಂಜಿ ಇದ್ದಿರಬೇಕು ಅನ್ನೋ ಸುಳಿವು ಹೆಸರಲ್ಲೇ ಇದೆ. ಮೈಸೂರು ಅನಂತಸ್ವಾಮಿಯವರ ರಾಗಗಳಿಂದ ಆ ಪದಗಳು ಓದುಬಾರದವರ ಬಾಯಿಗೂ ತಲುಪಿದವು. ಸಮಾಜ ಕೀಳಾಗಿ ಕೂಗುತ್ತಿದ್ದ ‘ನಂಜಿ’ ಅನ್ನೋ ರೂಪವನ್ನೇ ಎತ್ತಿಕೊಂಡು ಕವಿ ಅದಕ್ಕೆ ಕನ್ನಡದ ಅತಿ ಮುದ್ದಾದ ಹೆಂಡತಿಯ ಸ್ಥಾನ ಕೊಟ್ಟರು.

ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ (1970) ಕಾದಂಬರಿಯ ನಾಯಕಿ ನಂಜಮ್ಮ. ಗಂಡ ಊರಿನ ಶಾನುಭೋಗ, ಆದರೆ ಲೆಕ್ಕ ಬರೆಯೋದು ಹೆಂಡತಿ. ಕೆಲಸಕ್ಕೆ ಬಾರದ ಗಂಡ, ಬಾಯಿಬಡುಕ ಅತ್ತೆ, ಬರಗಾಲ, ಪ್ಲೇಗು ಎಲ್ಲದರ ನಡುವೆ ಮಕ್ಕಳನ್ನು ಸಾಕುತ್ತಾಳೆ. ಹೆಸರಿನ ಮೂಲ ತಿಳಿದು ಆ ಕಾದಂಬರಿ ಓದಿದರೆ ಆಕೆ ಪುಟಪುಟದಲ್ಲೂ ಏನನ್ನು ನುಂಗಿಕೊಂಡಳು ಅನ್ನೋದು ಇನ್ನೂ ಸ್ಪಷ್ಟ ಕಾಣುತ್ತೆ. ಬಿಟ್ಟುಹೋದ ‘ಉಂಡ’ವನ್ನು ಆ ಪಾತ್ರ ಬದುಕಿ ತೋರಿಸಿದ ಹಾಗಿದೆ. ಗಿರೀಶ್ ಕಾಸರವಳ್ಳಿಯವರು ಇದನ್ನು ಧಾರಾವಾಹಿಯನ್ನಾಗಿಯೂ ಮಾಡಿದರು.

ಗಂಡುರೂಪ ಸಿನಿಮಾದಲ್ಲಿ ಮೆರೆಯಿತು: ‘ನಂಜುಂಡಿ ಕಲ್ಯಾಣ’ (1989), ‘ಪುಟ್ನಂಜ’ (1995). ರೈತ ಚಳವಳಿಯ ಎಂ.ಡಿ. ನಂಜುಂಡಸ್ವಾಮಿಯವರ ಹೆಸರು ದೇಶದ ಆಚೆಗೂ ಹೋಯಿತು. ಕೊಡಗಿನಲ್ಲಿ ನಂಜಪ್ಪ, ನಂಜಮ್ಮ ಹೆಸರುಗಳಿಗೆ ಇವತ್ತಿಗೂ ಮರ್ಯಾದೆ ಇದೆ. ‘ಪಟ್ಟೋಲೆ ಪಳಮೆ’ಯನ್ನು ಇಂಗ್ಲಿಷಿಗೆ ತಂದ ದಂಪತಿಯಲ್ಲಿ ಒಬ್ಬರು ಬೊವ್ವೇರಿಯಂಡ ನಂಜಮ್ಮ. ಗಡಿಯಾಚೆ, ಕೇರಳದ ಅಟ್ಟಪ್ಪಾಡಿಯ ಇರುಳ ಸಮುದಾಯದ ಹಾಡುಗಾರ್ತಿ ನಂಜಿಯಮ್ಮ ‘ಅಯ್ಯಪ್ಪನುಂ ಕೋಶಿಯುಂ’ ಚಿತ್ರದ ಹಾಡಿಗೆ 2022ರಲ್ಲಿ ಘೋಷಣೆಯಾದ ರಾಷ್ಟ್ರಪ್ರಶಸ್ತಿ ಪಡೆದಾಗ, ನಮ್ಮ ಅಜ್ಜಿಯರ ಹೆಸರಿನ ನಾದವೇ ದೇಶದ ಸುದ್ದಿಯಲ್ಲಿ ಕೇಳಿಸಿತು.

ಯಾಕೆ ಕಡಿಮೆಯಾಯ್ತು?

ಕಾರಣ ಒಂದಲ್ಲ. ಹೆಣ್ಣುಮಕ್ಕಳು ಶಾಲೆಗೆ ಸೇರತೊಡಗಿದಾಗ ಹಾಜರಿ ಪುಸ್ತಕಕ್ಕೆ ‘ಒಳ್ಳೇ ಹೆಸರು’ ಬೇಕಾಯ್ತು. ಸರೋಜ, ವಿಮಲ, ಲಲಿತ ಬಂದರು. ಆಮೇಲೆ ಕಾದಂಬರಿ, ಸಿನಿಮಾ ಹೆಸರುಗಳು. ನಂತರ ಕಾವ್ಯ, ದಿವ್ಯ, ರಮ್ಯ. ಈಗ ಆದ್ಯ, ಸಾನ್ವಿ. ‘ಅಮ್ಮ’ ಅನ್ನೋ ಬಾಲವೇ ಹಳೇದಾಯ್ತು, ನಂಜಮ್ಮನ ಜೊತೆ ಮಾದಮ್ಮ, ರಂಗಮ್ಮ, ಚೆಲುವಮ್ಮ ಎಲ್ಲರೂ ಹಿಂದೆ ಸರಿದರು. ನಂಜಮ್ಮನಿಗೆ ಮಾತ್ರ ಇನ್ನೊಂದು ಹೊರೆ, ನಿಘಂಟಿನ ವಿಷ. ಅದೇ ದೇವರ ಸಂಸ್ಕೃತ ರೂಪ ಹೊತ್ತ ಶ್ರೀಕಂಠರಿಗೆ ಆ ಹೊರೆ ಇರಲಿಲ್ಲ, ಅವರು ಇನ್ನೂ ಇದ್ದಾರೆ. ಒಂದೇ ದೇವರ ಎರಡು ಹೆಸರಲ್ಲಿ ಕನ್ನಡದ್ದು ಹಳ್ಳಿಯದಾಯ್ತು, ಸಂಸ್ಕೃತದ್ದು ಪೇಟೆಯದಾಯ್ತು.

ಇದರಲ್ಲಿ ದುಃಖಪಡಬೇಕಾದ್ದು ಎಷ್ಟಿದೆಯೋ ಸಮಾಧಾನಪಡಬೇಕಾದ್ದೂ ಅಷ್ಟಿದೆ. ‘ನಂಜಿ’ ಅಂತ ಕೂಗಿಸಿಕೊಂಡ ತಾಯಿ ಮಗಳಿಗೆ ‘ಸ್ಫೂರ್ತಿ’ ಅಂತ ಹೆಸರಿಟ್ಟರೆ ಅದನ್ನು ಫ್ಯಾಷನ್ ಅಂತ ಹಳಿಯುವ ಹಕ್ಕು ನಮಗಿಲ್ಲ. ಕೇಳಿದ ಕೂಡಲೇ ಕೇರಿ ಯಾವುದು ಅಂತ ಹೇಳದ ಹೆಸರು ಆ ಮಗುವಿಗೆ ಸಿಕ್ಕಿತು. ಹಳೇ ಹೆಸರುಗಳನ್ನು ಉಳಿಸಬೇಕು ಅಂತ ಭಾಷಣ ಮಾಡೋಕೆ ಮುಂಚೆ ಆ ಹೆಸರುಗಳು ಯಾರಿಗೆ ಭಾರವಾಗಿದ್ದವು ಅಂತ ಕೇಳಿಕೊಳ್ಳಬೇಕು.

ನಾವು ಹೇಳೋದು ಇಷ್ಟೇ: ಬಿಡೋದಾದರೆ ಅರ್ಥ ತಿಳಿದು ಬಿಡೋಣ. ವಿಷ ಅನ್ನೋ ಕಾರಣಕ್ಕೆ ಬಿಟ್ಟರೆ ಅದು ತಪ್ಪು ಓದು. ಅಜ್ಜಿಯ ಹೆಸರು ಹೇಳೋಕೆ ನಾಚಿಕೊಳ್ಳೋದಕ್ಕೂ ಅದೇ ತಪ್ಪು ಓದು ಕಾರಣವಾಗಿದ್ದರೆ, ಅಷ್ಟನ್ನಾದರೂ ಈ ಪಾಠ ಸರಿಮಾಡಲಿ.

ನೀವೇ ಮಾಡಿ ನೋಡಿ

ನಿಮ್ಮ ಮನೆಯ ಹಳೇ ಹೆಸರುಗಳಿಗೂ ಇದೇ ವಿಧಾನ ಹಚ್ಚಬಹುದು.

1. ಹೆಸರನ್ನು ತಲೆ, ಬಾಲ, ಮುಂದಿನ ಗುರುತು ಅಂತ ಬಿಡಿಸಿ. ಪುಟ್ಟಮಾದಮ್ಮ: ಪುಟ್ಟ + ಮಾದ + ಅಮ್ಮ.

2. ತಲೆಯ ಅರ್ಥವನ್ನು ನಿಘಂಟಿನಲ್ಲಿ ಹುಡುಕೋಕೆ ಮುಂಚೆ, ಅದು ಯಾವುದಾದರೂ ದೇವರ ಅಥವಾ ಊರಿನ ಹೆಸರಿನ ಚೂರು ಆಗಿರಬಹುದಾ ಅಂತ ಕೇಳಿ. ಮನೆದೇವರು ಯಾರು, ಯಾವ ಜಾತ್ರೆಗೆ ಹೋಗ್ತಿದ್ರು ಅನ್ನೋದು ಮನೆಯ ಹಿರಿಯರಿಗೆ ಗೊತ್ತಿರುತ್ತೆ.

3. ಊರಿನ ಹೆಸರುಗಳಲ್ಲಿ ಅದೇ ಚೂರು ಇದೆಯಾ ನೋಡಿ. ವಿಭಕ್ತಿ ‘ನ’ ಬಂದಿದೆಯಾ, ‘ಇನ’ ಬಂದಿದೆಯಾ ಗಮನಿಸಿ.

4. ಹೆಸರಿನ ಜನಪ್ರಿಯತೆ ಅಳೆಯಬೇಕಾ? ರಾಜ್ಯದ ಮತದಾರರ ಪಟ್ಟಿ ಭಾಗವಾರು ಸಾರ್ವಜನಿಕವಾಗಿ ಸಿಗುತ್ತೆ, ಅದರಲ್ಲಿ ವಯಸ್ಸೂ ಇರುತ್ತೆ. ನಿಮ್ಮ ಬೂತಿನ ಪಟ್ಟಿಯಲ್ಲಿ ಹೆಣ್ಣುಹೆಸರುಗಳನ್ನು ವಯಸ್ಸಿನ ಪ್ರಕಾರ ಜೋಡಿಸಿ. ‘ಅಮ್ಮ’ ಬಾಲ ಯಾವ ವಯಸ್ಸಿನಲ್ಲಿ ನಿಲ್ಲುತ್ತೆ ಅನ್ನೋದು ಒಂದು ಗೆರೆಯ ಹಾಗೆ ಕಾಣುತ್ತೆ. ವಿಳಾಸ, ಮನೆ ನಂಬರು ಬೇಡ. ಮೊದಲ ಹೆಸರು, ವಯಸ್ಸು ಸಾಕು.

5. ಕೊನೆಯದಾಗಿ, ಅಜ್ಜಿಯ ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಹೆಸರು ಒಂದೇ ತರ ಇದೆಯಾ ನೋಡಿ. ಒಂದು ಕಡೆ ನಂಜಮ್ಮ, ಇನ್ನೊಂದು ಕಡೆ ನಂಜಮ್ಮಣ್ಣಿ, ಮತ್ತೊಂದು ಕಡೆ ನಂಜಮಣಿ ಆಗಿದ್ದರೆ ಪಿಂಚಣಿ, ಖಾತೆ ವರ್ಗಾವಣೆ ಹೊತ್ತಿಗೆ ಅಲೆದಾಟ ಗ್ಯಾರಂಟಿ. ತಿದ್ದುಪಡಿ ಅರ್ಜಿ ಹಾಕೋಕೆ ನಿಮ್ಮಂಥ ಮೊಮ್ಮಕ್ಕಳೇ ಬೇಕು. ಅರ್ಜಿ ತುಂಬೋಕೆ ಮುಂಚೆ ಅಜ್ಜಿಯನ್ನೇ ಕೇಳಿ: ನಿಮ್ಮ ಹೆಸರು ಹೇಗೆ ಬರೀಬೇಕು?

ಸಿಕ್ಕಿದ್ದನ್ನು ಸಂಘಕ್ಕೆ ಬರೆದು ಕಳಿಸಿ. ಮುಂದಿನ ಸಂಚಿಕೆಗೆ ‘ಮಾದಮ್ಮ’ನ ಸರದಿ.